ಲಾಳಿ

ಕಾಗದದಾಗ ಆಕಿ ಹೆಸರು ಒಂದೂವರಿ ಸಾಲು ಐತಿ.
ಅಪ್ಪ, ಅಜ್ಜ, ಮುತ್ತಜ್ಜ, ಎಲ್ಲಾರೂ ಚಾಂಪಿಯನ್ನು.
ನಮ್ಮ ನಾಲಿಗಿಗೆ ಹೊಳ್ಳೂದಿಲ್ಲ. ನಾವು ಲಾಳಿ ಅಂತೇವಿ,
ಈ ಗ್ವಾಡಿಯಿಂದ ಆ ಗ್ವಾಡಿಗೆ ಓಡೂದು ನೋಡಿ.

ಹುಬ್ಬಳ್ಳಿ ರೈಲ್ವೆ ಆಸ್ಪತ್ರಿ ಕಂಪೌಂಡರ್ ಲಾರೆನ್ಸಪ್ಪ
ಗೋವಾಕ್ಕ ಹೊಂಟಾಗ ಕೊಟ್ಟು ಹೋದ ಮರಿ.
"ವೈರ್ ಫಾಕ್ಸ್ ಟೆರಿಯರ್ ರೀ ಬಾಯಾರ, ಕತ್ತರಿ ಹಚ್ಚಬ್ಯಾಡ್ರಿ,
ಹಚ್ಚಿದ್ರ ತುಪ್ಪಳ ಮೆತ್ತಗಾಗಿ ಬಣ್ಣಾ ಮಾಸತೈತಿ.
ಬೆರಳಿಲೆ ಕೀಳಬೇಕು, ಒಂದೊಂದ ಎಳಿ."

ಒಂದೊಂದ ಎಳಿ!
ಬೆಟಗೇರಿ ನೇಕಾರ ಹೆಣ್ಮಗಳಿಗೆ ಇದನ್ನ ಹೇಳಿಕೊಡಬೇಕಾ?
ಹರದ ಎಳಿ ಹುಡುಕಿ ಗಂಟ ಹಾಕಿ ಹಾಕಿ
ನಲವತ್ತ ವರ್ಷದಾಗ ಹೆಬ್ಬೆರಳು ಸವದು ನುಣ್ಣಗಾಗೇತಿ.
ಸಂಜಿಮುಂದ ಕಟ್ಟಿ ಮ್ಯಾಲ ಕುಂತು
ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು
ಸತ್ತ ಕೂದಲ ಕೀಳತಿದ್ದರ ಆಕಿ ಕಣ್ಣ ಮುಚ್ಚಿ ನಿಂತಿರತಾಳ,
ಎಣ್ಣಿ ಹಚ್ಚಿಸಿಕೊಳ್ಳೂ ಕೂಸಿನಂಗ.
ಕಿತ್ತದ್ದು ಗಾಳಿಗೆ ಹಾರಿ
ಬದ್ದಿ ವಿಠೋಬಾನ ಅಂಗಳದ ಹಾಸಿನ ಮ್ಯಾಲ ಬಿದ್ದು
ಎಷ್ಟ ಜಗಳ ಆದುವು.

ಕುಣಿಮಗ್ಗದ ಕುಣಿ ಆಕಿದು. ನಾ ಬರೇ ಬಾಡಿಗಿದಾಕಿ.
ಕಾಲ ಇಳಿಬಿಟ್ಟು ಕುಂತರ ಸಾಕು, ಹಿಮ್ಮಡಿಗೆ ತಂಪು ಮೂಗು.
ಒಂದ ಸಲ ಹೆಗ್ಗಣದ ವಾಸನಿ ಹಿಡದು
ಕುಣಿಯೊಳಗ ಇನ್ನೊಂದ ಕುಣಿ ತೋಡಿದಳು,
ಅಂಚು ಕುಸದು ನಾನೂ ಒಳಗ ಜಾರಿದೆ.
ಹೆಗ್ಗಣ ಸಿಗಲಿಲ್ಲ. ಅತ್ತಿ ಕಳಕೊಂಡಿದ್ದ ಅಡಕೊತ್ತು ಸಿಕ್ಕಿತು.
ಅವತ್ತಿನಿಂದ ಅತ್ತಿ ಆಕಿಗೆ ರೊಟ್ಟಿ ಅಂಚು ಹಾಕತಾಳ,
"ನಾಯಿ ಮನಿಯೊಳಗ ಬ್ಯಾಡ" ಅನ್ಕೋತನ.

ಹುಬ್ಬಳ್ಳ್ಯಾಗ ನಾಯಿ ಪ್ರದರ್ಶನ. ಮುಂಜಾನೆ ಪ್ಯಾಸೆಂಜರ್.
ಬುಟ್ಟಿಯೊಳಗ ಆಕಿ, ಮ್ಯಾಲ ನನ್ನ ಹಳೇ ಸೀರಿ.
ಹುಲಕೋಟಿ ದಾಟೂತನಕ ಸುಮ್ಮನಿದ್ದಳು.
ಅಣ್ಣಿಗೇರ್ಯಾಗ ಮಿರ್ಚಿ ಬುಟ್ಟಿ ಹತ್ತಿತು,
ನಮ್ಮ ಬುಟ್ಟಿ ಎದ್ದು ನಿಂತಿತು.
ಎದುರಿನ ಮುದುಕ ಕೇಳಿದ, "ಕೋಳಿ ಏನವ್ವಾ?"
"ಹೂನ್ರಿ," ಅಂದೆ.
ಕೋಳಿ ಬೊಗಳಿತು.

ಮೈದಾನದಾಗ ಹಗ್ಗ ಕಟ್ಟಿದ್ರು.
ಹೋರಿಗರದಷ್ಟ ನಾಯಿ, ಫ್ಯಾನ್ ಹಾಕಿಸಿಕೊಂಡ ನಾಯಿ,
ಸೊಂಟದಾಗ ಹಣಿಗಿ ಸಿಗಿಸಿಕೊಂಡ ಪಗಾರದ ಹುಡುಗರು.
ನಮ್ಮ ತಳಿದ್ದು ಇದ್ದದ್ದು ಎರಡ.
ಸೆರಗ ಬಿಗದು ನಾನೂ ಓಡಿದೆ,
ಚಪ್ಪಲಿ ಒಂದ ಅಲ್ಲೇ ಉಳೀತು, ಮಂದಿ ನಕ್ಕರು.
ಲಾಳಿ ಮಾತ್ರ ಬಾಲ ಗೂಟದಂಗ ನಿಲ್ಲಿಸಿ
ಮೈದಾನ ತನ್ನ ಹೆಸರಿಗೆ ಬರಸಿಕೊಂಡಂಗ ನಡದಳು.

ಕಲ್ಕತ್ತಾದಿಂದ ಬಂದ ನಿರ್ಣಾಯಕ, ಬಿಳಿ ಮೀಸಿ,
ಹಲ್ಲ ನೋಡಿದ, ಪಕ್ಕಡಿ ಮುಟ್ಟಿದ,
ತುಪ್ಪಳದಾಗ ಬೆರಳ ಇಟ್ಟು ಹಂಗೇ ನಿಂತ.
ಹಿಂದ್ಯಾಗ ಕೇಳಿದ, ಇದನ್ನ ಕಿತ್ತವರು ಯಾರು?
ಮಾತು ಬರಲಿಲ್ಲ. ಹೆಬ್ಬೆರಳ ತೋರಿಸಿದೆ.
ಸಂತ್ಯಾಗ ಜ್ವಾಳದ ಕಾಳ ನೋಡಿದಂಗ ನೋಡಿ
ತನ್ನ ಹೆಬ್ಬೆರಳ ಬಾಜೂಕ ಹಿಡದ.
ಅದೂ ನುಣ್ಣಗ.

ಆಮ್ಯಾಲ ಮೊದಲನೇದು ಆ ಇನ್ನೊಂದಕ್ಕ ಕೊಟ್ಟ.
ನಮ್ಮಾಕಿ ಭುಜ ಇನ್ನೊಂಚೂರು ಹಿಂದಿರಬೇಕಿತ್ತಂತ.
ಖರೇ ಇರಬೇಕು. ಆ ಬೆರಳು ಸುಳ್ಳ ಹೇಳೂದಲ್ಲ.

ನನಗ ಸಿಕ್ಕ ರಿಬ್ಬನ್ನು ನೀಲಿ. ಅಗ್ಗದ ಬಣ್ಣ,
ಕುಸುಗಲ್ ದಾಟೂದರೊಳಗ ಲಾಳಿ ಅದನ್ನ ಕಡದು ಕಡದು
ನನ್ನ ಮಡಿಲೆಲ್ಲಾ ನೀಲಿ ಮಾಡಿ
ಅದರ ಮ್ಯಾಲನ ತಲಿ ಇಟ್ಟು ಮಲಗಿದಳು.
ಕಾಲು ಜೋಮ ಹಿಡೀತು. ಅಳ್ಳಾಡಿಸಲಿಲ್ಲ.

"ಎಷ್ಟನೇದು?" ಕೇಳಿದಳು ಅತ್ತಿ, ಅಡಿಕಿ ಕತ್ತರಿಸಿಕೋತ.
"ಎರಡನೇದು."
"ನಾಯಿ ಎಷ್ಟಿದ್ದುವು?"
"ಮೈದಾನ ತುಂಬ ಇದ್ದುವು ನೋಡ್ರಿ."

ಅಷ್ಟೊತ್ತಿಗೆ ಆಕಿ ಕುಣಿಗೆ ಹಾರಿದ್ದಳು.
ಮೂರು ತಿಂಗಳ ಕಿತ್ತು, ತಿದ್ದಿ, ಬೆಳ್ಳಗ ಮಾಡಿದ ಮೂತಿ
ಎರಿಮಣ್ಣಾಗ ಕಣ್ಣಿನಮಟ ಹೋಗಿತ್ತು,
ಮ್ಯಾಲ ಬಾಲ ಒಂದ ಅಳ್ಳಾಡತಿತ್ತು.