ತುದಿಮೊದಲು

ಕಮೋಲಿಯ ದಕ್ಕೆಯ ಮೇಲೆ ಕೂತು ನನ್ನಪ್ಪ
ಹೊಸ ಬಲೆಗೆ ಹಗ್ಗ ಕೊಯ್ಯುವಾಗ
ಮೊದಲು ಕೊಯ್ಯುತ್ತಿರಲಿಲ್ಲ, ಮೊದಲು ಕಟ್ಟುತ್ತಿದ್ದ.
ಎರಡು ಬೆರಳಗಲ ಬಿಟ್ಟು ಸಣ್ಣ ದಾರ,
ಸುತ್ತು ಸುತ್ತಿಗೂ ಹಲ್ಲಿನಿಂದ ಜಗ್ಗಿ,
ಆಮೇಲೆ ಚಾಕು.
"ಕಟ್ಟದೆ ಕೊಯ್ದರೆ ಹುರಿ ಬಿಚ್ಚಿಕೊಂಡು
ಸಂಜೆಯೊಳಗೆ ಗಡ್ಡ ಬಿಡುತ್ತದೆ, ಎರ್ಸೀಲಿಯಾ."
ತೆಂಗಿನ ನಾರು ಅದು. ತೆಂಗಿನ ಮರವನ್ನು
ಅವನು ಒಮ್ಮೆಯೂ ಕಂಡವನಲ್ಲ.

ಜೆನೋವಾದ ಮೂರನೆಯ ಮಹಡಿಯಲ್ಲಿ ನಾನು
ಹನ್ನೊಂದು ವರ್ಷದಿಂದ ನೋಡುತ್ತಿರುವುದೂ ಅದನ್ನೇ.
ಬಂಡೆಗುಳಿಯ ಉಪ್ಪುನೀರಲ್ಲಿ ಸಿಕ್ಕ ಯೂಪ್ಲೋಟಿಸ್:
ಒಂದೇ ಕೋಶದ ಜೀವ, ರೋಮದ ಕಟ್ಟುಗಳೇ ಕಾಲು,
ಗಾಜಿನ ಮೇಲೆ ತುದಿಗಾಲಲ್ಲಿ ಓಡಾಡುತ್ತದೆ
ಯಾರೋ ಬರುವವರಿದ್ದಾರೆ ಎಂಬಂತೆ.

ಬ್ಯಾಕ್ಟೀರಿಯಗಳಲ್ಲಿ ಬಹುಪಾಲಿಗೆ ಈ ತಾಪತ್ರಯವಿಲ್ಲ.
ಅವುಗಳ ವರ್ಣತಂತು ಬಳೆಯ ಹಾಗೆ ದುಂಡು;
ತುದಿಮೊದಲಿಲ್ಲದ್ದು ಸವೆಯುವುದಾದರೂ ಎಲ್ಲಿಂದ?
ಇದರದು ಹಾಗಲ್ಲ.
ಇದರ ದೊಡ್ಡ ನ್ಯೂಕ್ಲಿಯಸ್ಸಿನಲ್ಲಿ ಕೋಟಿಗಟ್ಟಲೆ ತುಂಡುದಾರ,
ಒಂದೊಂದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು,
ಆ ಒಂದು ಮಾತಿಗೆ ಎರಡೆರಡು ಕೊನೆ.
ನಕಲು ಮಾಡುವ ಕೈಯೋ, ಪ್ರತಿ ಸಲವೂ
ಕೊನೆಯ ಅಕ್ಷರಗಳನ್ನು ಮುಟ್ಟುವ ಮೊದಲೇ
ಲೇಖನಿ ಎತ್ತಿಬಿಡುತ್ತದೆ.

ಅಲ್ಲಿಗೆ ಬರುತ್ತದೆ ಟೆಲೊಮೆರೇಸ್.
ಮಡಿಲಲ್ಲಿ ಸದಾ ಇಟ್ಟುಕೊಂಡ ಪುಟ್ಟ ಚೀಟಿ ನೋಡಿ
ನಾಲ್ಕು ಜಿ, ನಾಲ್ಕು ಟಿ,
ಮತ್ತೆ ನಾಲ್ಕು ಜಿ, ನಾಲ್ಕು ಟಿ,
ಒಂದನೇ ಕ್ಲಾಸಿನ ಮಗು ಮಗ್ಗಿ ಹೇಳಿದಂತೆ.
ಇಪ್ಪತ್ತೆಂಟು ಜೋಡಿ, ಹದಿನಾಲ್ಕು ಒಂಟಿ. ಸಾಕು.
ಅರ್ಥವಿಲ್ಲದ ಬರಹ;
ಅರ್ಥವಿರುವುದು ಸವೆಯಬಾರದೆಂದು
ಸವೆಯಲೆಂದೇ ಬರೆದದ್ದು.

ಮೇ ತಿಂಗಳಲ್ಲಿ ಅಪ್ಪ ಹಲ್ಲಿನ ಡಾಕ್ಟರ ಬಳಿ ಬಂದಿದ್ದ.
ಇನ್ನು ಮೇಲೆ ದಾರ ಕಚ್ಚಿ ಜಗ್ಗಬೇಡಿ ಅಂದರಂತೆ.
ಬಸ್ಸಿಗೆ ಹೊತ್ತಿತ್ತು; ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.
ಟೋಪಿ ತೆಗೆದು, ಉಸಿರು ಹಿಡಿದು ನೋಡಿದ,
ದೋಣಿಯಿಂದ ಬಲೆಯೊಳಕ್ಕೆ ಬಗ್ಗಿ ನೋಡುವ ಹಾಗೆ.
"ಕೊನೆ ಸವೆಯೋದೇ ಇಲ್ಲ ಅಂದಮೇಲೆ
ಇವಕ್ಕೆ ಸಾವೂ ಇಲ್ಲ ಅನ್ನು."

ಒಂಬತ್ತನೆಯ ಸೀಸೆ ತೋರಿಸಿದೆ.
ಒಂದೇ ತಾಯಿಯಿಂದ ಒಡೆದು ಒಡೆದು ಬಂದ ವಂಶ,
ಹೊರಗಿನವರ ಸಂಗ ಕಾಣದ್ದು.
ಅಳೆದು ನೋಡಿದ್ದೇನೆ, ಕೊನೆಗಳೆಲ್ಲ ಭದ್ರ:
ಇಪ್ಪತ್ತೆಂಟು, ಹದಿನಾಲ್ಕು.
ಆದರೂ ನಡಿಗೆ ತಡವರಿಸುತ್ತದೆ, ಮೈ ಸೊಟ್ಟ,
ಮೇವು ಹಾಕಿದರೂ ಒಡೆಯಲು ಸೋಮಾರಿತನ.
ಏಕೆಂದು ನನಗಿನ್ನೂ ಗೊತ್ತಿಲ್ಲ, ಅಪ್ಪ.

ಅವನು ನಕ್ಕ, ಅರ್ಧ ಬಾಯಿ ಮರಗಟ್ಟಿತ್ತು.
"ಕಟ್ಟಿದ ತುದಿಯಲ್ಲಿ ಹಗ್ಗ ಯಾವತ್ತು ಕೊಳೆತಿದೆ?
ನಡುವಲ್ಲಿ, ನೀರು ಕೂತಲ್ಲಿ.
ಇಷ್ಟು ತಿಳಿಯೋಕೆ ಹನ್ನೊಂದು ವರ್ಷವೇ?"

ಸೆಪ್ಟೆಂಬರಿನಲ್ಲಿ ಅವರು ಬಲೆಯನ್ನು ಕೊಯ್ದು
ಕಡಲಿಗೆ ಬಿಟ್ಟರು, ಎಂದಿನ ಹಾಗೆ;
ಅಷ್ಟು ಕೈಗಳ ಕೆಲಸ, ಮೀನಿಗೆ ಮೇವು.
ಅದೇ ವಾರ ಒಂಬತ್ತನೆಯ ಸೀಸೆಗೆ
ಬೇರೆ ಕುಲದ ಹನಿಯೊಂದನ್ನು ಹಾಕಿದೆ.
ನಡುರಾತ್ರಿ ಕೆಲವು ಬಾಯಿಗೆ ಬಾಯಿ ಸೇರಿಸಿ ನಿಂತವು.
ಹಳೆಯ ನ್ಯೂಕ್ಲಿಯಸ್ಸು ಕರಗಿತು.
ಹೊಸದು ತನ್ನನ್ನೇ ತುಂಡರಿಸಿಕೊಂಡು
ಹೆಚ್ಚಿನದನ್ನು ಬಿಸಾಡಿ
ಉಳಿದ ತುಂಡು ತುಂಡಿಗೂ ಕೊನೆ ಕಟ್ಟತೊಡಗಿತು.
ಇಲ್ಲಿ ಕೊಯ್ದ ಮೇಲೆ ಕಟ್ಟುವುದು, ಅಪ್ಪ ಒಪ್ಪುವುದಿಲ್ಲ.

ಮೂರು ಜೋಡಿ ಬದುಕಿದವು.
ಉಳಿದದ್ದನ್ನು ಸಿಂಕಿಗೆ ಚೆಲ್ಲಿ, ಕೈ ಒರೆಸಿ, ಫೋನು ಮಾಡಿದೆ.
ಎಷ್ಟು ಹೇಳಿದರೂ ಆ ಕಡೆಯಿಂದ ಬರೀ "ಹ್ಞೂಂ".
ಬಾಯಲ್ಲಿ ದಾರವಿತ್ತು.