ಗಾಜಿನ ಬೆನ್ನು

ಗಾಜಿನ ಮೇಲೆ ಬರೆಯುವವರಿಗೆ
ಎಲ್ಲವೂ ಹಿಂದುಮುಂದು.
ಮೊದಲು ರೆಪ್ಪೆ, ಆಮೇಲೆ ಕಣ್ಣು.
ಮೊದಲು ಓಲೆ, ಆಮೇಲೆ ಕಿವಿ.
ಸಹಿ ಎಲ್ಲಕ್ಕಿಂತ ಮೊದಲು, ಅದೂ ತಿರುಗುಮುರುಗು.
ಸಮುದ್ರ ಕಟ್ಟಕಡೆಗೆ:
ಬೆನ್ನಿಗೆಲ್ಲ ನೀಲಿ ಬಳಿದು
ಒಣಗಲಿಟ್ಟು, ಮಗುಚಿ ನೋಡಿದರೆ
ಎಲ್ಲರ ಹಿಂದೆ ತೆಪ್ಪಗೆ ನಿಂತಿರುತ್ತದೆ.

ಮಗೆತ್ ಸಾರ್ ಹೀಗೆ ನಲವತ್ತು ವರ್ಷ ಬರೆದಳು
ಸೆನೆಗಲ್ಲಿನ ಸ್ಯಾಂ ಲೂಯಿಯಲ್ಲಿ, ನಮ್ಮ ಮೀನುಗಾರ ಕೇರಿಯಲ್ಲಿ.
ಈಚೆ ನದಿ, ಆಚೆ ಕಡಲು,
ನಡುವೆ ಚಾಪೆಯಗಲ ಮರಳು.
ಮದುವಣಗಿತ್ತಿಯರನ್ನು, ಮುಖ ಅರ್ಧ ಮುಚ್ಚಿದ ಸಂತರನ್ನು,
ಬಸ್ಸಿನ ಟಾಪಿಗೆ ಕಟ್ಟಿದ ಹಬ್ಬದ ಟಗರನ್ನು.
ಪ್ರವಾಸಿಗರು ಕೊಂಡರು. ನಾವು ನಕ್ಕೆವು:
ಅಕ್ಕಾ, ನಿನ್ನ ಟಗರಿಗೆ ನನ್ನ ಗಂಡನ ಮೂತಿ.

ಆ ವರ್ಷ ಕಡಲು ಸರದಿ ಕಾಯಲಿಲ್ಲ.
ಕಡೆಗೆ ಬರಬೇಕಾದ್ದು ಮೊದಲೇ ಬಂತು.
ಶಾಲೆಯ ಕಾಂಪೌಂಡು, ಮಸೀದಿಯ ಮೆಟ್ಟಿಲು,
ನನ್ನ ಅಡುಗೆಮನೆ, ಒಲೆ ಮೇಲೆ ಬಾಣಲೆ ಇದ್ದ ಹಾಗೆಯೇ.
ಬೆಳಗಾದಾಗ ಬಾಗಿಲು ಮಾತ್ರ ನಿಂತಿತ್ತು,
ಚಿಲಕ ಒಳಗಿನಿಂದ ಹಾಕಿತ್ತು.

ಲಾರಿಗೆ ತುಂಬಿ ಒಳನಾಡಿನ ಡೇರೆಗಳಿಗೆ ಕಳಿಸಿದರು.
ಅಲ್ಲಿ ಗಾಳಿಗೆ ವಾಸನೆಯೇ ಇಲ್ಲ.
ನೊಣ ಕೂಡ ನಮ್ಮನ್ನು ಹುಡುಕಿಕೊಂಡು ಬರಲಿಲ್ಲ.

ಮಗೆತ್ ಹೋಗಲಿಲ್ಲ.
ಬಿದ್ದ ಮನೆಗಳ ರಾಶಿ ಕೆದಕಿ
ಒಡೆಯದೆ ಉಳಿದ ಕಿಟಕಿಗಾಜು ಆಯ್ದಳು,
ಸುಣ್ಣದಲ್ಲಿ ಮನೆಯವರ ಹೆಸರು ಗೀಚಿದಳು,
ಒಬ್ಬೊಬ್ಬರನ್ನೇ ಕರೆಸಿ ಕೇಳಿದಳು:
ಇದರಲ್ಲಿ ಏನು ಕಾಣುತ್ತಿತ್ತು?

ಏನು ಕಾಣೋದು, ಅಂದೆ. ಎದುರುಮನೆ ಗೋಡೆ.
ಅದರ ಮೇಲೆ ಬಲೆ. ಒಂದು ಒಕ್ಕಣ್ಣ ಬೆಕ್ಕು.
ಮತ್ತೆ?
ಮಧ್ಯಾಹ್ನ ಎರಡಕ್ಕೆ ಕಿನೆ ತಲೆ ಬಾಚುತ್ತಿದ್ದಳು.
ನಮಗಿಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ.
ಯಾಕೆ?
ಒಂದು ಬಕೆಟ್ಟಿನ ವಿಷಯ.
ಹೇಳುತ್ತ ಹೇಳುತ್ತ ಅತ್ತುಬಿಟ್ಟೆ,
ಆ ಹಾಳು ಬಕೆಟ್ಟಿಗೆ.

ಅದನ್ನೇ ಬರೆದಳು.
ಮೊದಲು ಬಾಚಣಿಗೆಯ ಹಲ್ಲು, ಆಮೇಲೆ ಕೂದಲು.
ಬೆನ್ನಿಗೆ ಮಾತ್ರ ನೀಲಿ ಬಳಿಯಲಿಲ್ಲ.
ಜನರ ಹಿಂದೆ, ಬೆಕ್ಕಿನ ಕಣ್ಣಿನಲ್ಲಿ,
ಬರಿಯ ಗಾಜು.
ಮರೆತೆಯಾ ಅಂದೆ.
ನೆಲೆ ಹೋದವರಿಗೆ ಹಿನ್ನೆಲೆ ಎಲ್ಲಿಂದ ತರಲಿ, ಅಂದಳು.
ಯಾರು ಬಂದು ನಿಲ್ಲುತ್ತಾರೋ ಅವರೇ.

ಹವಾಮಾನದ ಸಭೆಗೆ ದೊಡ್ಡವರು ಬರುವ ದಿನ
ಡೇರೆಗಳಿಂದ ಕತ್ತಲಲ್ಲೇ ಹೊರಟು
ಕಬ್ಬಿಣದ ಸೇತುವೆಯ ಎರಡೂ ಬದಿಗೆ ನಿಂತೆವು.
ಬಾವುಟವಿಲ್ಲ. ಕೂಗಿಲ್ಲ.
ಎದೆಯೆತ್ತರಕ್ಕೆ ಒಬ್ಬೊಬ್ಬರಿಗೂ ಒಂದು ಕಿಟಕಿ.
ಕಾರು ನಿಂತವು. ಇಳಿದರು.
ಅವರು ಕಂಡ ಚಿತ್ರದ ಹಿಂದೆ ನಮ್ಮ ಬೆವರು;
ನಮಗೆ, ಮುಳುಗಿದ ಗಲ್ಲಿಯ ಹಿಂದೆ
ಅವರ ಕೋಟು, ಟೈ, ಗಡಿಯಾರ.

ಒಬ್ಬ ನನ್ನ ಗಾಜಿಗೆ ಬಗ್ಗಿದ.
ಬೆಕ್ಕಿನ ಕಣ್ಣಿನೊಳಗೆ
ಅವನ ಕಣ್ಣು ಬಂದು ಕೂತಿತು.
ಚೆನ್ನಾಗಿದೆ, ಎಂದ. ಎಷ್ಟು?

ಮಗೆತ್ ಅಂದಳು:
ಕಿಟಕಿ ಮಾರಾಟಕ್ಕಿಲ್ಲ.
ಗೋಡೆ ಇದ್ದರೆ ಕೊಡಿ, ಕೂರಿಸುತ್ತೇವೆ.

ಅವನ ಹಿಂದಿದ್ದವನು ಏನೋ ಬರೆದುಕೊಂಡ.
ಏನು ಬರೆದುಕೊಂಡನೋ, ಇವತ್ತಿಗೂ ತಿಳಿದಿಲ್ಲ.

ಸಂಜೆ ಸೇತುವೆ ಇಳಿಯುವಾಗ ಪಕ್ಕದಲ್ಲಿ ಕಿನೆ.
ಅವಳ ಗಾಜನ್ನು ಓರೆಗಣ್ಣಲ್ಲಿ ನೋಡಿದೆ:
ನಾನು. ಬಾಣಲೆಯ ಮುಂದೆ, ಮುಖ ಗಂಟು ಹಾಕಿಕೊಂಡು.
ಕೈ ಸೋತಿತ್ತು ಇಬ್ಬರಿಗೂ. ನಿಂತೆವು.
ಅವಳದು ನನಗೆ, ನನ್ನದು ಅವಳಿಗೆ.
ಹನ್ನೊಂದು ವರ್ಷದ ಮೇಲೆ ಅವಳಾಡಿದ ಮಾತು
ಇಷ್ಟೇ:
ಹುಷಾರು, ಅಂಚು ಕೊಯ್ಯುತ್ತದೆ.