ಅಡ್ಡ ಮಲಗಿದ ಬಾಗಿಲು

ಸೇಡಂ ರೋಡಿನ ಹಿಂದಿನ ಗಲ್ಲಿಯೊಳಗ
ಮಾಳಗಿ ಮ್ಯಾಲಿನ ಖೋಲಿ.
ಹತ್ತು ಫೂಟಿಗೆ ಹನ್ನೊಂದು, ಶಹಾಬಾದಿ ಫರ್ಸಿ, ಒಂದ ಕಿಡಕಿ,
ಗ್ವಾಡಿಗೆ ಮೊದಲಿದ್ದವರು ಬಡದುಹೋದ ಏಳು ಮೊಳಿ.
ಚಾವಿ ಕೊಡೂಮುಂದ ಗುಂಡಮ್ಮಾಯಿ ಹೇಳಿದ್ದು ಇಷ್ಟ:
"ಮೊಳಿ ಎಣಸೀನಿ. ಹೋಗೂಮುಂದ ಏಳೂ ಇರಬೇಕು."

ಅಡ್ವಾನ್ಸ್ ಕೊಟ್ಟು ಉಳದದ್ದು
ಗೌಸಿಯಾಂದು ಸಾವಿರದ ನಾನೂರು,
ನಂದು ಒಂಬೈನೂರಾ ಐವತ್ತು.
ಜರ್ನಲ್ಲಿನ ಹಿಂದಿನ ಹಾಳಿಗೆ ಬರದ್ವಿ:
ಪಲಂಗ ಎರಡು, ಗಾದಿ ಎರಡು, ಟೇಬಲ್ಲು, ಖುರ್ಚಿ, ಕೂಲರ್.
ಬರದು, ಒಬ್ಬರ ಮಾರಿ ಒಬ್ಬರು ನೋಡಿ ನಕ್ಕು
ಪಲಂಗ ಹೊಡದುಹಾಕಿದ್ವಿ.
ಖುರ್ಚಿ ಹೊಡದುಹಾಕಿದ್ವಿ.
ಕೂಲರಿನ ಮ್ಯಾಲ ಪೆನ್ನು ಭಾಳೊತ್ತು ನಿಂತಿತು.
ಎಪ್ರಿಲ್ ಅದು. ಕಲಬುರಗಿ ಬಿಸಲು
ಹಗಲೆಲ್ಲಾ ಗ್ವಾಡಿಯೊಳಗ ಅಡಗಿ ಕುಂತು
ರಾತ್ರಿ ಹನ್ನೊಂದಕ್ಕ ಹೊರಗ ಬರ್ತಿತ್ತು, ಬಾಡಿಗಿ ಕೊಡಲಾರದ
ಮೂರನೇಯಾಕಿ ಹಾಂಗ.
ಖಸದ ತಡಿಕಿ ಒಂದು ತಂದು
ಏಳರೊಳಗ ಎರಡು ಮೊಳಿಗೆ ಕಟ್ಟಿದ್ವಿ,
ತಂಬಿಗಿಲೆ ನೀರು ಹೊಡದ್ವಿ. ಅದ ಕೂಲರ್.

ಮೋಮಿನಪುರದ ಪಿಂಜಾರ ಅಜ್ಜ
ಯಾರದೋ ಹಳೇ ರಜಾಯಿ ಬಿಚ್ಚಿ, ಹಿಂಜಿ
ಆರನೂರಕ್ಕ ಎರಡು ಗಾದಿ ತುಂಬಿಕೊಟ್ಟ.
ಮಂದಿ ಹತ್ತಿ ಏನ್ರಿ ಇದು ಅಂದ್ರ
"ಹತ್ತಿ ಮಂದೀದು. ನಿದ್ದಿ ನಿಮ್ಮದು" ಅಂದ.

ಬಣ್ಣ ಹಚ್ಚೂ ಕಾಕಾ ಕೊಟ್ಟ ಖಾಲಿ ಡಬ್ಬಿ ಎರಡು.
ಕುಂತೆದ್ರ ಲಂಗಕ್ಕ ಯಾರದೋ ಮನಿ ಬಿಳುಪು.

ಇನ್ನ ಟೇಬಲ್ಲು.
ರಸ್ತಾ ಅಗಲ ಮಾಡ್ಲಕ ಮುರದ ಮನಿಗಳ ಸಾಮಾನು
ಚಾಂದಪಾಶಾನ ಕಬಾಡಿಯೊಳಗ ಒಟ್ಟಿತ್ತು.
ಕಂಬ, ಕಿಡಕಿ ಸರಳು, ಹೊಸ್ತಿಲು.
ಒಂದ ಎಸಳಿನ ಬಾಗಿಲು ಗ್ವಾಡಿಗೆ ಬೆನ್ನು ಹಚ್ಚಿ ನಿಂತಿತ್ತು,
ಚಿಲಕದ ಸರಪಳಿ ಇನ್ನೂ ಜೋತುಬಿದ್ದು.
"ಸಾಗವಾನಿ ಹೈ ಬೇಟಿ, ಏಳನೂರು."
ಗೌಸಿಯಾ ದಖನಿಯೊಳಗ ಎಳದಳು,
ನಾ ಕನ್ನಡದೊಳಗ ಎಳದೆ,
ನಡುವ ಒಮ್ಮೆ ಇಬ್ಬರೂ ಎದ್ದು ಹೊಂಟಂಗ ಮಾಡಿದ್ವಿ.
ಎರಡು ಭಾಷಾದಾಗ ಜಗ್ಗಿಸಿಕೊಂಡು
ಬೆಲಿ ನಾನೂರಾ ಐವತ್ತಕ್ಕ ಬಂದು ಕುಂತಿತು.

ತಳ್ಳು ಬಂಡಿ ಮ್ಯಾಲ ಬಾಗಿಲು ಹಾಕಿಕೊಂಡು ಹೊಂಟ್ರ
ಚಾದಂಗಡಿಯಿಂದ ಒಬ್ಬ ಕೂಗಿದ:
"ಯಾರ ಮನಿ ಮುರೀತವ್ವಾ?"
"ನಮ್ಮನಿ ಕಟ್ಲತ್ತೀವ್ರಿ" ಅಂದಳು ಗೌಸಿಯಾ, ಹಿಂದ ನೋಡದ.

ಮೆಟ್ಟಲದ ತಿರುವಿನೊಳಗ ಸಿಕ್ಕಿಬಿತ್ತು.
ಮ್ಯಾಲ ಹೋಗವಲ್ದು, ಕೆಳಗ ಬರವಲ್ದು.
ಬಾಗಿಲಾ ಆಗಿ ಹುಟ್ಟಿ ಹಾದೀನ ಅಡ್ಡಗಟ್ಟಿತ್ತು.
ಗುಂಡಮ್ಮಾಯಿ ಬೈಕೋತ ಬಂದಳು,
ಬಾವಿ ಹಗ್ಗ ತಂದಳು,
ಕಚ್ಚಿ ಹಾಕಿ ಮಾಳಗಿ ಮ್ಯಾಲ ನಿಂತು
ನಮಗಿಂತ ಮೊದಲ ಜಗ್ಗಿದಳು.

ಸೋಡಾ ಹಾಕಿ ತಿಕ್ಕಿ ತೊಳದ ಮ್ಯಾಲ
ಎಣ್ಣಿ ಜಿಡ್ಡಿನ ಕೆಳಗಿಂದ ಗೀರು ಎದ್ದವು,
ಚಾಕುಲೆ ಕೊರದದ್ದು, ಒಂದರ ಮ್ಯಾಲೊಂದು, ಬಾಜೂಕ ಹೆಸರು:
ಇಂದೂ. ಬಸಣ್ಣಿ. ಇಂದೂ. ಮತ್ತ ಇಂದೂ.
ಎಲ್ಲಕ್ಕಿಂತ ಕೆಳಗ ಹೆಸರಿಲ್ಲದ್ದು ಒಂದು.
ಅದರ ಮ್ಯಾಲ ಎರಡನೇ ಗೀರು ಬೀಳಲೇ ಇಲ್ಲ.
ಗೌಸಿಯಾ ಅಲ್ಲಿ ಅಂಗೈ ಇಟ್ಟಳು,
ಏನೂ ಅನ್ನಲಿಲ್ಲ. ಬುಕ್ಕು ಅಲ್ಲಿ ಇಡಲೂ ಇಲ್ಲ.

ಈಗ ಎಂಟು ಇಟ್ಟಂಗಿ ಮ್ಯಾಲ ಅಡ್ಡ ಮಲಗ್ಯದ.
ಎತ್ತರ ಇದ್ದದ್ದು ಉದ್ದ ಆಗ್ಯದ.
ಇಂದೂನ ಹೆಗಲತನಕ ನನ್ನ ಕೆಮಿಸ್ಟ್ರಿ,
ಅಲ್ಲಿಂದಾಚೆ ಗೌಸಿಯಾನ ಅರ್ಥಶಾಸ್ತ್ರ.
ಜೋರು ಬರದ್ರ ಸರಪಳಿ ಸಣ್ಣಗ ಮಿಡೀತದ,
ಯಾರೋ ಬಂದಾರ ಅಂತ ಇಬ್ಬರೂ ತಲಿ ಎತ್ತತೀವಿ.

ಉಳದ ರೊಕ್ಕ ಪರೀಕ್ಷಾ ಫೀಸಿಗೆ ಹೋಯ್ತು.
ಅದರೊಳಗ ಐದು ರೂಪಾಯಿ ಕದ್ದು ಮೊಳಿ ತಂದು
ಎಂಟನೇದು ಬಡದ್ವಿ. ಯಾಕ ಅಂತ ಗೊತ್ತಿಲ್ಲ,
ತೂಗಹಾಕ್ಲಕ ಏನೂ ಇರಲಿಲ್ಲ.

ನಿನ್ನೆ ಸಂಜಿಗೆ ಗುಂಡಮ್ಮಾಯಿ ಬಂದಳು,
ಟೇಬಲ್ಲಿಗೆ ಬೆರಳಿಲೆ ಎರಡು ಸರ್ತಿ ಬಡದು
"ಒಳಗ ಯಾರರ ಅದಾರೇನು?" ಅಂತ ತಾನ ನಕ್ಕಳು.
ಆಮ್ಯಾಲ ಗ್ವಾಡಿ ನೋಡಿದಳು.
ನಾವು ಉಸುರು ಹಿಡದ್ವಿ.
ಸೆರಗಿನ್ಯಾಗಿನ ಕಟಕ ರೊಟ್ಟಿ ಗಂಟು ತಗದು
ಹೊಸಾ ಮೊಳಿಗೆ ಸಿಕ್ಕಿಸಿ
ಕೆಳಗಿಳದು ಹೋದಳು.

ಎಣಸಲಿಲ್ಲ.